ಇಳಿತದ ಕೆಸರು ಯಾರಪ್ಪನದು?

ಗ್ರೇಟ್ ಬ್ರಿಟನ್ನಿನ ಕಡಲಂಚಿನ ಪೊರ್ಥೆಡ್ರಾ ಪಟ್ಟಣದ ಚರಿತ್ರೆಯಲ್ಲಿ ಸ್ಪೇನಿನವರು ಬಂದು ಇಗರ್ಜಿಗೆ ಬೆಂಕಿಯಿಟ್ಟ ಪ್ರಸಂಗವೊಂದಿದೆ. ಊರಿನ ಅರ್ಧ ಜನರನ್ನು ಪ್ಲೇಗು ನುಂಗಿದ ಬೇಸಿಗೆಯೊಂದಿದೆ. ಈ ಎರಡನ್ನೂ ಮೂಲೆಗೆ ಕೂರಿಸುವಂಥ ಗಂಭೀರ ಘಟನೆ ನಡೆದದ್ದು ಮಾತ್ರ ಫ್ರೆಂಚರೊಡನೆ ಮತ್ತೊಮ್ಮೆ ಯುದ್ಧ ಹತ್ತಿಕೊಂಡಿದ್ದ ಕಾಲದಲ್ಲಿ, ಬೂತಾಯಿ ಮೀನಿನ ಸುಗ್ಗಿಯ ಒಂದು ಬೆಳಗ್ಗೆ. ಅಂದು ನೌಕಾದಳದ ಲೆಫ್ಟಿನೆಂಟ್ ಆಗಸ್ಟಸ್ ಪಿಲ್ಬೀಮ್ ನಮ್ಮ ಪುರಭವನದೊಳಗೆ ಬಂದು, ಮೇಯರ್ ಹ್ಯಾನಿಬಲ್ ಟ್ರೆಗೆನ್ನಾ ಅವರ ಎದುರು ನಿಂತು, ತಲೆಯ ಮೇಲಿನ ಟೋಪಿಯನ್ನು ತೆಗೆಯಲಿಲ್ಲ.

ಅವನು ಬಂದದ್ದು ಒಂದು ರುಜುವಿಗಾಗಿ. ಯುದ್ಧಕ್ಕೆ ಹಡಗು ಬೇಕು, ಹಡಗಿಗೆ ಆಳು ಬೇಕು, ಬುದ್ಧಿಯಿರುವ ಆಳು ತಾನಾಗಿ ಹೋಗುವುದಿಲ್ಲ. ಆದ್ದರಿಂದ ಲಂಡನ್ನಿನವರು ಒಂದು ವಾರಂಟು ಕೊಟ್ಟು, ಕಡಲ ಕಸುಬಿನವರು ಎಲ್ಲಿ ಸಿಕ್ಕಿದರೂ ರಟ್ಟೆ ಹಿಡಿದು ಎಳೆದುತನ್ನಿ ಎಂದು ಇಂಥವರನ್ನು ಕಳಿಸುತ್ತಿದ್ದರು. ಆದರೆ ಪಟ್ಟಣದ ಎಲ್ಲೆಯೊಳಗೆ ಆ ವಾರಂಟಿನ ಬೆನ್ನಿಗೆ ಮೇಯರರ ರುಜು ಬೀಳುವವರೆಗೆ ಅದು ಮೀನು ಸುತ್ತುವ ಕಾಗದಕ್ಕೆ ಸಮ. ಈ ಹಿಂದೆ ಬಂದ ಅಧಿಕಾರಿಗಳು ಲೋಕಜ್ಞಾನವುಳ್ಳವರು. ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು ಒಳಬರುತ್ತಿದ್ದರು, ಮೇಯರರು ಮದ್ಯಕ್ಕೆಂದು ತಯಾರಿಸಿ ಮಾರುವ ಮೊಳಕೆ ಬಾರ್ಲಿಯನ್ನು ಎರಡು ಮಾತು ಹೊಗಳುತ್ತಿದ್ದರು. ಮೇಯರರು ರುಜು ಹಾಕುತ್ತಲೇ, ಊರಿಗೆ ಬೇಡವಾದ ಒಂದಿಬ್ಬರ ಹೆಸರನ್ನು ಅವರ ಕಿವಿಯಲ್ಲಿ ಉಸುರುತ್ತಿದ್ದರು. ಇದರಲ್ಲಿ ಪ್ರಜೆಗಳ ಸ್ವಾತಂತ್ರ್ಯಕ್ಕೆ ಕುಂದಿದೆಯೆಂದು ಯಾರಿಗೂ ಹೊಳೆದಿರಲಿಲ್ಲ. ಅದು ಹೊಳೆಯಲು ಟೋಪಿ ಬೇಕಾಯಿತು.

"ಲೆಫ್ಟಿನೆಂಟ್ ಸಾಹೇಬ್ರೇ, ಒಳಗೆ ಮಳೆ ಬರ್ತಿಲ್ಲ," ಎಂದರು ಮೇಯರರು.

"ಕಾಣ್ತಿದೆ. ಇದರ ಹಿಂದೆ ಒಂದು ರುಜು ಎಳೆದು ಕೊಡಿ."

"ಅಲ್ಲಿ ನಮ್ಮ ಪಟ್ಟಣದ ಗದೆ ಇದೆ. ಗದೆ ಮುಂದೆ ಎಂಥೋರೂ ಟೋಪಿ ತೆಗೀಬೇಕು."

ಗದೆಯೆಂದರೆ ಬೆಳ್ಳಿಯದು, ತಲೆಯ ಭಾಗ ನೆಗ್ಗಿದೆ. ಅದನ್ನು ಹೆಗಲಿಗೆ ಒರಗಿಸಿಕೊಂಡು ನಿಲ್ಲುವುದು ಮುದುಕ ಉದಿ ಬೊಸಾಂಕೋನ ಉದ್ಯೋಗ. ಅವನು ನಿಂತಲ್ಲೇ ತೂಕಡಿಸುತ್ತಿದ್ದ.

"ಇದು ರಾಜರು ಕೊಟ್ಟ ಟೋಪಿ," ಎಂದ ಪಿಲ್ಬೀಮ್. "ಬಾರ್ಲಿ ನೆನೆಹಾಕೋರ ಮುಂದೆ ಇಳಿಯೋದಿಲ್ಲ."

"ಗದೇನೂ ರಾಜರೇ ಕೊಟ್ಟದ್ದು. ನಿಮ್ಮ ರಾಜರ ಮುತ್ತಾತ ಇನ್ನೂ ತೊಟ್ಟಿಲಿಗೇ ಬಂದಿಲ್ಲದಾಗ."

ಉದಿ ಕಣ್ಣು ಬಿಟ್ಟು, "ಊಟಕ್ಕೆ ಎದ್ರಾ?" ಎಂದು ಕೇಳಿದ.

"ರುಜು ಇಲ್ಲ," ಎಂದರು ಮೇಯರರು.

"ಬೇಡ ಬಿಡಿ. ನಿಮ್ಮ ರುಜು ಬೇಕಾಗಿರೋದು ನೆಲಕ್ಕೆ. ನೀರು ನಮ್ಮದು. ಉಬ್ಬರದ ನೀರು ಎಲ್ಲೀವರೆಗೆ ಏರತ್ತೋ ಅಲ್ಲೀವರೆಗೆ ನೌಕಾಖಾತೆ."

"ರಾಜರು ಪಟ್ಟಣಕ್ಕೆ ಬರೆದುಕೊಟ್ಟ ಸನ್ನದು ಓದಿ ಸ್ವಾಮಿ. ಇಳಿತದ ನೀರು ಎಲ್ಲೀವರೆಗೆ ಇಳಿಯತ್ತೋ ಅಲ್ಲೀವರೆಗೆ ಪಟ್ಟಣ."

ಹೀಗೆ ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವೆ ಬಿದ್ದಿದ್ದ ಕೆಸರಿಗೆ, ಮೀನಿನ ತಲೆ ಮತ್ತು ಮುರಿದ ಬುಟ್ಟಿಗಳ ಹೊರತು ಬೇರಾರೂ ವಾಸಿಸದ ಆ ಕೊಳಕು ಪಟ್ಟಿಗೆ, ಒಂದೇ ಬೆಳಗ್ಗೆ ಇಬ್ಬರು ಒಡೆಯರು ಹುಟ್ಟಿದರು. ಪಿಲ್ಬೀಮನ ವಿಷಯದಲ್ಲಿ ಇಷ್ಟು ಹೇಳಬೇಕು: ಅವನಿಗೆ ಕೂದಲು ನರೆತು ಉದುರಿದ್ದರೂ ಇನ್ನೂ ಲೆಫ್ಟಿನೆಂಟನೇ. ಅವನ ಕೈಯಲ್ಲಿ ಹಗ್ಗದ ಗಂಟು ಕಲಿತ ಹುಡುಗರು ಈಗ ಕ್ಯಾಪ್ಟನ್ನರಾಗಿ ಅವನ ಸಲಾಮು ತೆಗೆದುಕೊಳ್ಳುತ್ತಿದ್ದರು. ನೌಕಾದಳ ಅವನಿಗೆಂದು ಉಳಿಸಿದ್ದ ಘನತೆಯೆಲ್ಲ ಆ ಟೋಪಿಯೊಳಗೇ ಇತ್ತು. ಮೇಯರರ ಘನತೆಯೂ ಹಾಗೆಯೇ, ಗದೆಯಿಂದ ಹೊರಗೆ ಒಂದು ಗುಲಗಂಜಿಯಷ್ಟೂ ಇರಲಿಲ್ಲ.

ಇದರ ಫಲವನ್ನು ಉಂಡವನು ಜಾಗೊ ಕಿಟ್ಟೋ.

ಜಾಗೊ ಪೀಪಾಯಿ ಕಟ್ಟುವವನು. ಉಪ್ಪು ಹಾಕಿದ ಬೂತಾಯಿಯನ್ನು ಇಟಲಿಯ ಕಡೆಗೆ ಕಳಿಸುವುದು ಅವನ ಪೀಪಾಯಿಗಳಲ್ಲೇ. ಕಡಲಂಚಿನಲ್ಲಿ ಹುಟ್ಟಿಯೂ ಅವನು ಭಾವಮೈದುನನ ದೋಣಿಯನ್ನು ಹತ್ತಿದವನಲ್ಲ. ನದಿ ದಾಟಿಸುವ ದೋಣಿಯಲ್ಲೇ ವಾಂತಿ ಮಾಡುತ್ತಿದ್ದ. ಅಂಥವನು ಆ ವಾರ ದೋಣಿ ಜಾರಿಸುವ ಇಳಿಜಾರಿನಲ್ಲಿ ನಿಂತು, ಪೀಪಾಯಿಯ ಹಲಗೆಗಳನ್ನು ಉಬ್ಬರದ ನೀರಿನಲ್ಲಿ ನೆನೆಹಾಕುತ್ತಿದ್ದಾಗ ಪಿಲ್ಬೀಮನ ತಂಡ ದೊಣ್ಣೆ ಹಿಡಿದು ಬಂತು.

"ಕಾಲು ನೋಡ್ರೋ, ಬಿಲ್ಲಿನ ಥರ ಬಾಗಿದೆ. ನಾವಿಕನೇ," ಎಂದ ತಂಡದ ಮುಖ್ಯಸ್ಥ.

"ದಿನಾ ಪೀಪಾಯಿನ ತೊಡೆ ಮಧ್ಯೆ ಇಟ್ಕೊಂಡು ಕೂತ್ಕೋ, ನಿನ್ನ ಕಾಲೂ ಬಾಗತ್ತೆ," ಎಂದ ಜಾಗೊ.

"ಕೈಗೆ ಡಾಂಬರು ಹತ್ತಿದೆ."

"ಪೀಪಾಯಿದು ಕಣಯ್ಯಾ."

"ನೀರಲ್ಲಿ ನಿಂತಿದ್ದೀಯ."

ಜಾಗೊ ಕೆಳಗೆ ನೋಡಿಕೊಂಡ. ಅವನು ನೀರಲ್ಲೇ ನಿಂತಿದ್ದ. ದಡಕ್ಕೆ ಹಾರಬೇಕೆಂದು ಹೊಳೆಯುವಷ್ಟರಲ್ಲಿ ದೋಣಿಯಲ್ಲಿ ಮಲಗಿದ್ದ.

ಅವನ ಹೆಂಡತಿ ಲವ್ಡೇ ಮೀನಿಗೆ ಉಪ್ಪು ಹಾಕುವ ನೆಲಮಾಳಿಗೆಯಲ್ಲಿದ್ದಳು. ಸುದ್ದಿ ತಂದ ನೆರೆಯವಳು, ಅಳು ಬರುವ ತನಕ ಕೂತ್ಕೊಳ್ಳೇ ಎಂದಳು. ಲವ್ಡೇ ಕೂರಲಿಲ್ಲ. ಉಪ್ಪಿನ ಕೈಯನ್ನು ಮುಂಬಟ್ಟೆಗೆ ಒರೆಸಿಕೊಂಡು ನೇರ ಮೇಯರರ ಮನೆಗೆ ಹೋದಳು. ಮೇಯರರು ಕೇಸರಿ ಹಾಕಿದ ಬನ್ನಿಗೆ ಬೆಣ್ಣೆ ಸವರುತ್ತಿದ್ದರು. ಎದುರಿಗೆ ಪಟ್ಟಣದ ಕಾರ್ಯದರ್ಶಿ ಕರ್ನೋ, ಅಂದರೆ ಊರಿನ ಕಾನೂನೆಲ್ಲ ಬಲ್ಲ ವಕೀಲ, ಕೂತಿದ್ದ.

"ಮಹಾಸ್ವಾಮಿ, ನನ್ನ ಗಂಡನ್ನ ಹಿಡ್ಕೊಂಡು ಹೋದ್ರು."

ಮೇಯರರ ಮುಖ ಅರಳಿತು. "ಎಲ್ಲಿ? ನಮ್ಮ ಎಲ್ಲೆ ಒಳಗಾ?"

"ದೋಣಿ ಇಳಿಜಾರಲ್ಲಿ. ಕಾಲು ನೀರಲ್ಲಿತ್ತಂತೆ."

"ಎಷ್ಟು ನೀರು? ಹಿಮ್ಮಡಿಗಾ, ಮೊಣಕಾಲಿಗಾ? ಸರಿಯಾಗಿ ಹೇಳು, ಇದು ಮುಖ್ಯ."

"ಮೊಣಕಾಲು ಕಟ್ಕೊಂಡು ನಾನೇನು ಮಾಡ್ಲಿ ಮಹಾಸ್ವಾಮಿ? ಅದರ ಮೇಲಿರೋನು ಬೇಕು ನಂಗೆ."

"ಬೀದಿಗೆಲ್ಲಾ ಕೇಳೋ ಹಾಗೆ ದಿನಾ ಬೈತಿದ್ದೆಯಲ್ಲ ಅವನನ್ನ," ಎಂದ ಕರ್ನೋ.

"ನಾನು ಬೈತೀನಿ. ನಾನು ಬೈಯೋಕೆ ಅಂತಾನೇ ಕಟ್ಕೊಂಡಿದ್ದು. ಕಂಡೋರು ಬಾರುಕೋಲಲ್ಲಿ ಹೊಡೆದು ಬೈಯೋಕಲ್ಲ. ಹಡಗು ಪ್ಲಿಮತ್ತಿಗೆ ಹೋಗಿಬಿಟ್ರೆ ಅವನು ಮತ್ತೆ ಸಿಗಲ್ಲ ಸ್ವಾಮಿ. ನಮ್ಮಣ್ಣ ಹಾಗೆ ಹೋದೋನು, ಅವನ ಪೆಟ್ಟಿಗೆ ಒಂದೇ ವಾಪಸ್ ಬಂತು."

ಕರ್ನೋ ಗಂಟಲು ಸರಿಮಾಡಿಕೊಂಡ. ಬಿಡಿ ಎಂದು ಕೇಳಿದರೆ ಪಿಲ್ಬೀಮ್ ಬಿಡುವುದಿಲ್ಲ. ಲಂಡನ್ನಿಗೆ ಬರೆದರೆ ಉತ್ತರ ಬರುವ ಹೊತ್ತಿಗೆ ಜಾಗೊ ಜಮೈಕಾ ತಲುಪಿರುತ್ತಾನೆ. ಆದರೆ ಕಾನೂನಿನಲ್ಲಿ ಒಂದು ಕಿಂಡಿಯಿದೆ. ಅಪರಾಧಿಯ ಮೇಲೆ ಮೊದಲ ಹಕ್ಕು ನ್ಯಾಯಾಲಯದ್ದು, ಆಮೇಲೆ ರಾಜರ ಹಡಗಿನದು. "ಕಳ್ಳನ್ನ ಮಾತ್ರ ನಾವು ರಾಜರ ಹಡಗಿನಿಂದ್ಲೂ ಇಳಿಸಬಹುದು, ಹಡಗು ನಮ್ಮ ಎಲ್ಲೆ ಒಳಗಿದ್ರೆ," ಎಂದ.

"ಜಾಗೊ ಕಳ್ಳ ಅಲ್ಲ."

"ಅದೇ ನೋಡು ತೊಡಕು," ಎಂದ ಕರ್ನೋ, ನಿಜವಾದ ಬೇಸರದಿಂದ.

ಮೇಯರರ ತಲೆಯಲ್ಲಿ ಆಗಲೇ ಮೆರವಣಿಗೆ ಹೊರಟಿತ್ತು. "ನಮ್ಮ ಬೆಳ್ಳಿ ಚಮಚ ಕದ್ದ ಅನ್ನೋಣ."

"ಬೆಳ್ಳಿ ಅಂದ್ರೆ ನೇಣು, ಮಹಾಸ್ವಾಮಿ. ಹೆಚ್ಚಾಯ್ತು. ಮೀನು ಅನ್ನೋ ಹಾಗಿಲ್ಲ. ಈ ಊರಲ್ಲಿ ಮೀನು ಕದ್ದೋರಿಗೆ ಶಿಕ್ಷೆ ಕೊಡೋಕೆ ಹೊರಟ್ರೆ ತೀರ್ಪು ಓದೋಕೂ ಒಬ್ಬರು ಹೊರಗುಳಿಯಲ್ಲ. ನಿಮ್ಮ ಹಿತ್ತಲಲ್ಲಿ ಹೆಬ್ಬಾತು ಇದೆಯಲ್ಲ, ಅದು ಸರಿಹೋಗತ್ತೆ. ಇವನು ಕದ್ದ, ಇವಳು ಬೇಯಿಸಿದಳು. ಇವಳು ಪ್ರಮಾಣ ಮಾಡಿ ಹೇಳಿದ್ರೆ ಸಾಕ್ಷಿಗೆ ಸಾಕ್ಷಿ."

ಲವ್ಡೇ ಬೈಬಲನ್ನು ನೋಡಿದಳು. ಭಾನುವಾರ ಬಯಲಿನಲ್ಲಿ ನಡೆಯುವ ಉಪದೇಶಗಳಿಗೆ ಹೋಗಿ ಬಂದು ಅವಳಿಗೆ ನರಕದ ನಕ್ಷೆ ಚೆನ್ನಾಗಿ ಪರಿಚಯವಾಗಿತ್ತು. "ಎಷ್ಟು ದೊಡ್ಡ ಸುಳ್ಳು ಇದು, ಕರ್ನೋ ಅವರೇ?"

"ಹೆಬ್ಬಾತಿನಷ್ಟು. ಹಸುವಿನಷ್ಟೇನಲ್ಲ."

"ಶಿಕ್ಷೆ?"

"ಕಾಲುಕೋಳದ ಹಲಗೆಗೆ ಕಾಲು ಕೊಟ್ಟು ಸಂತೆಪೇಟೇಲಿ ಸ್ವಲ್ಪ ಹೊತ್ತು ಕೂರಬೇಕು. ನಾಲ್ಕು ಜನ ಕೊಳೆತ ಟರ್ನಿಪ್ಪು ಗೆಡ್ಡೆ ಎಸೀತಾರೆ, ಅಷ್ಟೇ."

"ಮೊದಲನೇದು ನಾನೇ ಎಸೀತೀನಿ. ಇಳಿಜಾರಿಗೆ ಹೋಗ್ಬೇಡ, ಮನೆ ಹಿಂದಿನ ತೊಟ್ಟೀಲೇ ನೆನೆಹಾಕು ಅಂತ ಬಡ್ಕೊಂಡಿದ್ದೆ," ಎಂದು ಲವ್ಡೇ ಬೈಬಲಿನ ಮೇಲೆ ಕೈಯಿಟ್ಟಳು. ತನ್ನ ಗಂಡ ಕಳ್ಳನೆಂದೂ, ಕದ್ದ ಹೆಬ್ಬಾತನ್ನು ತಾನೇ ಈರುಳ್ಳಿ ಹಾಕಿ ಬೇಯಿಸಿದೆನೆಂದೂ ಹೇಳಿದಳು. ಈರುಳ್ಳಿಯ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಉಳಿದ ತೊಡಕು ಸ್ಥಳದ್ದು. ತೇಲುವ ಹಡಗಿನ ಮೇಲೆ ಪಟ್ಟಣದ ವಾರಂಟು ನಡೆಯದು. ಆದರೆ ನಮ್ಮ ಬಂದರು ದೊಡ್ಡ ಹಡಗುಗಳು ತಿರಸ್ಕರಿಸಿದ ಬಂದರು. ಇಳಿತದಲ್ಲಿ ಅಲ್ಲಿ ನೀರೇ ಇರುವುದಿಲ್ಲ. ಪಿಲ್ಬೀಮನ ಒಂಟಿ ಹಾಯಿಮರದ ಹಡಗು ಹೊಟ್ಟೆ ಅಡಿಯಾಗಿ ಕೆಸರಿನ ಮೇಲೆ ಕೂರುತ್ತಿತ್ತು. ಕೆಸರು ಪಟ್ಟಣದ್ದಾದರೆ, ಕೆಸರಿನ ಮೇಲೆ ಕೂತ ಹಡಗು, ಮಾರುಕಟ್ಟೆಯಲ್ಲಿ ಬಂದು ಕೂತ ಹೊರಗಿನ ಹೆಂಗಸಿನ ಬುಟ್ಟಿಗಿಂತ ಹೆಚ್ಚಿನದೇನಲ್ಲ.

ಮರುದಿನ ಇಳಿತಕ್ಕೆ ಸರಿಯಾಗಿ ಪುರಸಭೆ ಕಡಲಿಗೆ ಇಳಿಯಿತು. ಸರಿಯಾಗಿ ಎಂದರೆ, ಸರಿಯಾಗಿ ಹೊರಟಿತು. ಯಾರ ಹಿಂದೆ ಯಾರು ನಡೆಯಬೇಕೆಂಬ ಚರ್ಚೆ ಮುಗಿಯುವ ಹೊತ್ತಿಗೆ ಇಳಿತ ತನ್ನ ಕೆಲಸ ಮುಗಿಸಿ ವಾಪಸಾಗುವ ಯೋಚನೆಯಲ್ಲಿತ್ತು. ಮುಂದೆ ಗದೆ ಹೊತ್ತ ಉದಿ. ಅವನ ಹಿಂದೆ ತುಪ್ಪಳದ ಅಂಚಿನ ಕೆಂಪು ನಿಲುವಂಗಿಯಲ್ಲಿ ಮೇಯರರು, ಅಂಥದೇ ನಿಲುವಂಗಿಗಳಲ್ಲಿ ಪುರಸಭೆಯ ಹಿರಿಯರು, ಸನ್ನದನ್ನು ಎದೆಗವಚಿಕೊಂಡ ಕರ್ನೋ, ವಾರದ ಉಳಿದ ದಿನಗಳಲ್ಲಿ ಬ್ರೆಡ್ಡು ಸುಡುವ ಕಾನ್‌ಸ್ಟೇಬಲ್ ಹಿಕ್ಸ್. ಕೊನೆಯಲ್ಲಿ, ಕಳ್ಳನನ್ನು ಗುರುತಿಸಲೆಂದು, ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಲವ್ಡೇ. ದಡದ ಕಟ್ಟೆಯ ಮೇಲೆ ಮೀನಿನ ಹೆಂಗಸರೆಲ್ಲ ಕೆಲಸ ಬಿಟ್ಟು ಸೇರಿದ್ದರು.

"ಮಹಾಸ್ವಾಮಿ, ಬಲಗಡೆ ಮೀನಿನ ಕರುಳಿದೆ, ನೋಡ್ಕೊಂಡು!"

"ಎಡಗಡೆ ಇರೋದು ಏನು ಅಂತ ಹೇಳೋದಿಲ್ಲ, ಮಹಾಸ್ವಾಮಿ, ತುಳಿದೇ ನೋಡಿ!"

"ಉದಿ ತಾತಾ, ಗದೆ ಊರುಗೋಲು ಮಾಡ್ಕೋ, ಯಾರಿಗೂ ಹೇಳಲ್ಲ!"

ಉದಿ ಆಗಲೇ ಹಾಗೆ ಮಾಡಿಕೊಂಡಿದ್ದ. ಪ್ರತಿ ಹೆಜ್ಜೆಗೂ ಗದೆಯ ತಲೆ ಕೆಸರಿನಲ್ಲಿ ಮುಳುಗಿ, ಹೊರಬರುವಾಗ ಎಮ್ಮೆ ಕಾಲೆತ್ತಿದಂಥ ಸದ್ದು ಮಾಡುತ್ತಿತ್ತು. ಹಿರಿಯರಲ್ಲಿ ಒಬ್ಬರು ಒಂದು ಬೂಟನ್ನು ಪಟ್ಟಣದ ನೆಲಕ್ಕೆ ಶಾಶ್ವತವಾಗಿ ದಾನಮಾಡಿದರು. ಹಡಗಿನ ಕಟಾಂಜನಕ್ಕೆ ಮೊಣಕೈಯೂರಿ ಪಿಲ್ಬೀಮ್ ಇದನ್ನೆಲ್ಲ ನೋಡುತ್ತ ನಿಂತಿದ್ದ. ಟೋಪಿ ತಲೆಯ ಮೇಲಿತ್ತು.

"ಪಟ್ಟಣದ ನೆಲದ ಮೇಲೆ ನಿಂತಿರೋ ಈ ಹಡಗಿನಿಂದ," ಎಂದು ಮೇಯರರು ಏದುಸಿರಿನಲ್ಲೇ ಆರಂಭಿಸಿದರು, "ಜಾಗೊ ಕಿಟ್ಟೋ ಎಂಬ ಹೆಬ್ಬಾತಿನ ಕಳ್ಳನನ್ನು..."

"ಹಡಗು ನೆಲದ ಮೇಲಿಲ್ಲ. ನೀರಲ್ಲಿದೆ," ಎಂದ ಪಿಲ್ಬೀಮ್. "ಅಡಿಮರದ ಕೆಳಗೆ ನೋಡಿ."

ಎಲ್ಲರೂ ಬಗ್ಗಿ ನೋಡಿದರು. ಹಡಗಿನ ಅಡಿಮರ ಕೊರೆದ ಗುಂಡಿಯಲ್ಲಿ ಒಂದಿಷ್ಟು ನೀರು ನಿಂತಿತ್ತು. ಅದರಲ್ಲಿ ಒಂದು ಏಡಿ ಇತ್ತು.

ಕರ್ನೋ ಸನ್ನದನ್ನು ಬಿಚ್ಚಿದ. ಏಡಿ ಇರುವ ನೀರು ಸಮುದ್ರವೋ ಅಲ್ಲವೋ ಎಂಬ ಬಗ್ಗೆ ಸನ್ನದು ಮೌನವಾಗಿತ್ತು. ಮೇಯರರು ಕಾನೂನಿಗಿಂತ ಕೆಲಸವನ್ನು ನಂಬುವವರು. "ಹಿಕ್ಸ್, ಗುಂಡಿ ಬರಿದು ಮಾಡು!" ಎಂದರು. ಹಿಕ್ಸ್ ಬೊಗಸೆಯಲ್ಲಿ ನೀರು ಎತ್ತಿ ಚೆಲ್ಲತೊಡಗಿದ. ಮೇಲಿನಿಂದ ಪಿಲ್ಬೀಮ್ ಸನ್ನೆ ಮಾಡಿದ. ಒಬ್ಬ ನಾವಿಕ ಒಂದು ಬಕೆಟ್ ನೀರು ತಂದು ಅದೇ ಗುಂಡಿಗೆ, ಮುಕ್ಕಾಲುಪಾಲು ಹಿಕ್ಸನ ಬೆನ್ನಿನ ಮೇಲಾಗಿ, ಸುರಿದ. ಹಿಕ್ಸ್ ಮತ್ತೆ ಎತ್ತಿ ಚೆಲ್ಲಿದ. ನಾವಿಕ ಮತ್ತೆ ಸುರಿದ. ಗ್ರೇಟ್ ಬ್ರಿಟನ್ನಿನ ನಾಗರಿಕ ಮತ್ತು ನೌಕಾ ಆಡಳಿತಗಳು ಹೀಗೆ ಒಂದು ಏಡಿಯನ್ನು ನಡುವೆ ಇಟ್ಟುಕೊಂಡು ಸಾಕಷ್ಟು ಹೊತ್ತು ದುಡಿದವು.

"ಜಾಗೊ!" ಎಂದು ಲವ್ಡೇ ಕೂಗಿದಳು. "ಒಳಗಿದ್ದೀಯಾ?"

"ಇನ್ನೆಲ್ಲಿರಲಿ?" ಎಂಬ ಧ್ವನಿ ಹಡಗಿನ ಹೊಟ್ಟೆಯಿಂದ ಬಂತು. "ನನಗೆ ವಾಂತಿ ಬರ್ತಿದೆ ಕಣೇ."

"ಹಡಗು ನೆಲದ ಮೇಲಿದೆಯಲ್ಲೋ, ಮಂಕೇ!"

"ಅದು ನನ್ನ ಹೊಟ್ಟೆಗೆ ಗೊತ್ತಾಗಬೇಕಲ್ಲ."

ಆಗ ನೈರುತ್ಯದ ಗಾಳಿ, ಯಾವ ವಾರಂಟೂ ಇಲ್ಲದೆ, ಪಿಲ್ಬೀಮನ ಟೋಪಿಯನ್ನು ಎತ್ತಿತು. ಟೋಪಿಯ ಜೊತೆಗೆ ಅದಕ್ಕೆ ಸೂಜಿಯಿಂದ ಸಿಕ್ಕಿಸಿದ್ದ ವಿಗ್ಗೂ ಹೋಯಿತು. ಎರಡೂ ಕೆಸರಿನ ಮೇಲೆ ಉರುಳುತ್ತ ಹೋಗಿ ಉದಿಯ ಕಾಲ ಬಳಿ ನಿಂತವು. ಪಿಲ್ಬೀಮನ ಬರಿ ನೆತ್ತಿ ಬಿಸಿಲಿಗೆ ಮಿಂಚಿತು.

"ಗದೆ ಮುಂದೆ ಟೋಪಿ ತೆಗೆದ್ರು!" ಎಂದು ಮೇಯರರು ಕೂಗಿದರು. "ಕರ್ನೋ, ಬರ್ಕೊಳ್ಳಿ! ಎಲ್ಲರೂ ನೋಡಿದ್ದಾರೆ! ಕೂದಲನ್ನೂ ತೆಗೆದಿದ್ದಾರೆ!"

ಕಟ್ಟೆಯ ಮೇಲೆ ಎದ್ದ ನಗೆಗೆ ಕಡಲಕಾಗೆಗಳು ಹಾರಿದವು. ಪಿಲ್ಬೀಮ್ ಒಂದು ಗಳಿಗೆ ಮನುಷ್ಯನಂತೆ ನಡೆದುಕೊಂಡ: ಯೋಚಿಸಲಿಲ್ಲ. ನೂಲೇಣಿ ಇಳಿದು ಟೋಪಿಯ ಕಡೆಗೆ ಓಡಿದ. ಕೆಸರಿನ ಮೇಲೆ ಅವನ ಎರಡೂ ಪಾದ ಊರಿದ ಕೂಡಲೇ ಹಿಕ್ಸ್ ಕೋಲಿನಿಂದ ಅವನ ಭುಜ ಮುಟ್ಟಿದ. "ರುಜು ಇಲ್ಲದ ವಾರಂಟಿನ ಮೇಲೆ ಆಳು ಹಿಡಿದದ್ದಕ್ಕೆ, ರಾಜರ ಹೆಸರಲ್ಲಿ ನಿಮ್ಮನ್ನ ಹಿಡಿದಿದ್ದೀನಿ. ಟೋಪಿ ಆಮೇಲೆ ತಗೊಳ್ಳಿ."

"ನಾವೂ ರಾಜರ ಹೆಸರಲ್ಲೇ ಹಿಡಿದಿದ್ದು ಕಣಯ್ಯಾ," ಎಂದ ಬಕೆಟ್ಟಿನ ನಾವಿಕ ಮೇಲಿಂದ. "ಆ ಯಪ್ಪನಿಗೆ ಎಷ್ಟು ಕೈಯೋ."

ಅಷ್ಟರಲ್ಲಿ ಉಬ್ಬರದ ಮೊದಲ ನಾಲಗೆಗಳು ಕೆಸರಿನ ಕಾಲುವೆಗಳಲ್ಲಿ ಹರಿದು ಬರುತ್ತಿದ್ದವು. ಇನ್ನು ಸ್ವಲ್ಪ ತಡೆದರೆ ಇದೇ ಜಾಗದಲ್ಲಿ ಕಾನೂನು ಬದಲಾಗಿ, ಹಿಕ್ಸ್ ಹಿಡಿಯುವವನ ಬದಲು ಸಿಕ್ಕಿಬಿದ್ದವನಾಗುತ್ತಿದ್ದ. ಮೊಣಕಾಲಿನ ನೀರಿನಲ್ಲಿ ನಿಂತ ಪುರಸಭೆಯನ್ನು ಇಡಿಯಾಗಿ ನೌಕಾದಳಕ್ಕೆ ಸೇರಿಸಿಕೊಳ್ಳಲು ಪಿಲ್ಬೀಮನಿಗೆ ಅಡ್ಡಿಯಿರಲಿಲ್ಲ. ಆದರೆ ಸಾಲಾಗಿ ನಿಂತ ಆ ಹೊಟ್ಟೆಗಳನ್ನು ಕಂಡರೆ ಯಾವ ಕ್ಯಾಪ್ಟನ್ನನೂ ಒಪ್ಪುತ್ತಿರಲಿಲ್ಲ. ಎರಡೂ ಕಡೆಯವರು ಬೇಗ ವ್ಯವಹಾರಕ್ಕೆ ಬಂದರು. ಜಾಗೊನನ್ನು ಕೆಳಗಿಳಿಸಿದರು, ಪಿಲ್ಬೀಮನಿಗೆ ಟೋಪಿ ಕೊಟ್ಟು ಬಿಟ್ಟರು. ಒಬ್ಬ ಆಳಿಗೆ ಒಂದು ಟೋಪಿ: ಆ ವರ್ಷದ ಯುದ್ಧದಲ್ಲಿ ಬೇರೆಲ್ಲೂ ಮನುಷ್ಯನಿಗೆ ಅಷ್ಟು ಒಳ್ಳೆಯ ಬೆಲೆ ಬಂದಿರಲಿಕ್ಕಿಲ್ಲ.

ಕೈಗೆ ಹಗ್ಗ ಕಟ್ಟಿಸಿಕೊಂಡು ಜಾಗೊ ಹೆಂಡತಿಯ ಪಕ್ಕದಲ್ಲಿ ದಡದ ಕಡೆ ನಡೆದ.

"ನಾನು ಯಾವಾಗ್ಲೇ ಹೆಬ್ಬಾತು ತಿಂದೆ?"

"ಬಾಯಿ ಮುಚ್ಚು. ತಿಂದಿದ್ದೀಯ. ಈರುಳ್ಳಿ ಹಾಕಿ ಮಾಡಿದ್ದೆ."

"ಚೆನ್ನಾಗಿತ್ತಾ?"

"ನಿನ್ನ ಯೋಗ್ಯತೆಗೆ ಹೆಚ್ಚಾಗಿತ್ತು," ಎಂದು ಲವ್ಡೇ ಅವನ ಕೈಯ ಹಗ್ಗವನ್ನು ಸ್ವಲ್ಪ ಸಡಿಲಿಸಿದಳು. ಹಿಕ್ಸ್ ಕಂಡೂ ಕಾಣದ ಹಾಗೆ ಮುಖ ತಿರುಗಿಸಿದ.

ಸೆರೆಮನೆಯ ತುಂಬ ಮೇಯರರು ಬಾರ್ಲಿ ಮೂಟೆ ಒಟ್ಟಿದ್ದರಿಂದ ಕೈದಿಯನ್ನು ಹಿಕ್ಸನ ಬೇಕರಿಯಲ್ಲಿ ಹಿಟ್ಟಿನ ತೊಟ್ಟಿಗೆ ಕಟ್ಟಿಹಾಕಿದರು. ಲವ್ಡೇ ಮಾಂಸ, ಆಲೂಗಡ್ಡೆ ತುಂಬಿದ ಪಾಸ್ಟಿ ತಂದುಕೊಟ್ಟಳು. ಅವನು ನೆಲದ ಮೇಲೆ ಕೂತು, ಹೊಟ್ಟೆ ತುಂಬ ತಿಂದು, ಅದನ್ನು ಹೊಟ್ಟೆಯಲ್ಲೇ ಉಳಿಸಿಕೊಂಡ. ನಾಳೆ ಟರ್ನಿಪ್ಪಿನಲ್ಲಿ ಮೆತ್ತಗಿನದನ್ನೇ ಆರಿಸಿ ತರುತ್ತೇನೆಂದು ಅವಳು ಮಾತು ಕೊಟ್ಟಳು.

ಆ ಹೊತ್ತಿಗೆ ಮೇಯರರ ಮನೆಯಲ್ಲಿ ಪಿಲ್ಬೀಮ್ ಅಗ್ಗಿಷ್ಟಿಕೆಯ ಮುಂದೆ, ಮೇಯರರದೇ ಒಂದು ನಿಲುವಂಗಿ ತೊಟ್ಟು ಕೂತಿದ್ದ. ಇದನ್ನು ಕೇಳಿ ಆಶ್ಚರ್ಯಪಡುವವರು ಅಧಿಕಾರಸ್ಥರನ್ನು ಹತ್ತಿರದಿಂದ ಕಂಡವರಲ್ಲ. ಟೋಪಿ ಇಳಿದಾಗಿತ್ತು, ಇಳಿದದ್ದು ದಾಖಲೆಯಾಗಿತ್ತು. ಇನ್ನು ಜಗಳಕ್ಕೆ ವಸ್ತುವೇ ಇರಲಿಲ್ಲ. ಮೇಯರರು ಗೆದ್ದವರ ಔದಾರ್ಯದಿಂದ ಅವನ ವಿಗ್ಗನ್ನು ತೊಳೆಸಿ ಒಣಹಾಕಿಸಿದರು. ಅವನು ಸೋತವರ ಸೌಜನ್ಯದಿಂದ ಬಾರ್ಲಿ ಮದ್ಯವನ್ನು ಹೊಗಳಿದ. ಎರಡನೆಯ ಹೂಜಿ ಬರುವ ಮುನ್ನ ವಾರಂಟಿನ ಬೆನ್ನಿಗೆ ರುಜು ಬಿದ್ದಿತ್ತು.

ಮರುದಿನ ಪುರಭವನದಲ್ಲಿ ವಿಚಾರಣೆ. ಹೆಬ್ಬಾತಿನ ಯಜಮಾನರೂ ಮೇಯರರೇ, ನ್ಯಾಯಾಧೀಶರೂ ಮೇಯರರೇ. ಮೊದಲು ಕೆಳಗೆ ನಿಂತು ದೂರು ಹೇಳಿ, ಆಮೇಲೆ ಮೇಲೆ ಹೋಗಿ ಕೂತು ಅದನ್ನು ಗಮನವಿಟ್ಟು ಕೇಳಿದವರಂತೆ ತಲೆದೂಗಿದರು. ಅವರ ಪಕ್ಕದ ಕುರ್ಚಿಯಲ್ಲಿ ಪಿಲ್ಬೀಮ್. ಲವ್ಡೇ ಅವನನ್ನು ನೋಡಿದಳು, ಅವನ ಮುಂದಿದ್ದ ವಾರಂಟನ್ನು ನೋಡಿದಳು. ಓದಲು ಬಾರದಿದ್ದರೂ, ಮಗುಚಿ ಇಟ್ಟ ಆ ಕಾಗದದ ಬೆನ್ನ ಮೇಲೆ ಶಾಯಿಯಿದೆ ಎಂಬುದು ಅವಳಿಗೆ ಕಾಣುತ್ತಿತ್ತು. ಇಬ್ಬರು ಒಡೆಯರೂ ಒಂದಾಗಿದ್ದಾರೆಂದು ತಿಳಿದು ಅವಳು ಪೀಠದ ಮುಂದಕ್ಕೆ ಬಂದಳು.

"ಮಹಾಸ್ವಾಮಿ, ನಾನು ಒಂದು ಮಾತು ಹೇಳ್ಬೇಕು. ನಾನು ಹೆಬ್ಬಾತು ಬೇಯಿಸಲಿಲ್ಲ. ಟರ್ನಿಪ್ಪು ಬೇಯಿಸಿದ್ದೆ."

ಆಗಲೇ ತೆರೆದ ಬಾಗಿಲಿನಿಂದ ಮೇಯರರ ಹೆಬ್ಬಾತು ಒಳಗೆ ಬಂತು. ಊರಿನ ಪ್ರತಿಯೊಬ್ಬರಿಗೂ ಅದರ ಪರಿಚಯವಿತ್ತು, ಏಕೆಂದರೆ ಪ್ರತಿಯೊಬ್ಬರನ್ನೂ ಅದು ಒಂದಲ್ಲ ಒಂದು ಸಲ ಕಚ್ಚಿತ್ತು. ಸಭೆಯನ್ನು ಪರಾಂಬರಿಸಿ, ಹಿಕ್ಸನ ಮೀನಖಂಡವನ್ನು ಆರಿಸಿಕೊಂಡಿತು.

"ಅಗೋ, ಅಲ್ಲೇ ಇದೆಯಲ್ಲ!" ಎಂದ ಜಾಗೊ.

"ಕದ್ದದ್ದು ಇದರ ತಮ್ಮನನ್ನ," ಎಂದ ಕರ್ನೋ ತಲೆಯೆತ್ತದೆ. ಆಮೇಲೆ ಲವ್ಡೇಯ ಕಡೆ ತಿರುಗಿದ. "ನೋಡಮ್ಮಾ, ಬೈಬಲ್ ಮುಟ್ಟಿ ಹೇಳಿದ ಮಾತನ್ನ ನುಂಗೋ ಹಾಗಿಲ್ಲ. ಅದು ಸುಳ್ಳಾದ್ರೆ ಮಹಾಸ್ವಾಮಿಗಳ ವಾರಂಟೂ ಸುಳ್ಳು, ನಿನ್ನೆ ಲೆಫ್ಟಿನೆಂಟ್ ಸಾಹೇಬರ ಹಡಗಿನಿಂದ ಇವನನ್ನ ಇಳಿಸಿದ್ದೂ ಸುಳ್ಳು. ಅಷ್ಟೆಲ್ಲ ಸುಳ್ಳನ್ನ ಪುರಸಭೆ ತಡ್ಕೊಳ್ಳಲ್ಲ. ಒಬ್ಬರೇ ಹೊರಬೇಕು. ಸುಳ್ಳು ಪ್ರಮಾಣಕ್ಕೆ ಗಡೀಪಾರು, ಕಡಲಾಚೆಗೆ."

"ಹೇಳಿಕೊಟ್ಟಿದ್ದು ನೀವೇ ಅಲ್ವೇನ್ರೀ?"

"ಈರುಳ್ಳಿ ನಾನು ಹೇಳಿಕೊಟ್ಟಿರಲಿಲ್ಲ," ಎಂದ ಕರ್ನೋ. ಅದು ನಿಜವೇ ಆಗಿತ್ತು.

ಲವ್ಡೇ ಬಾಯಿ ತೆರೆದಳು. ಅವಳು ಗಡೀಪಾರಿಗೂ ಸಿದ್ಧಳಾಗಿದ್ದಳೆಂದು ಅವಳನ್ನು ಬಲ್ಲವರೆಲ್ಲ ಹೇಳುತ್ತಾರೆ. ಆದರೆ ಆ ಮದುವೆಯಲ್ಲಿ ಮೊದಲ ಸಲ ಜಾಗೊ ಅವಳಿಗಿಂತ ಮುಂಚೆ ಮಾತಾಡಿದ.

"ನಾನೇ ಕದ್ದೆ ಮಹಾಸ್ವಾಮಿ. ಅವಳಿಗೆ ಗೊತ್ತಿರಲಿಲ್ಲ. ಹೆಬ್ಬಾತು ತಂದೆ, ಬೇಯಿಸು ಅಂದೆ, ಬೇಯಿಸಿದಳು. ತುಂಬ ರುಚಿಯಾಗಿತ್ತು."

"ಜಾಗೊ, ಕತ್ತೆ ನೀನು," ಎಂದಳು ಲವ್ಡೇ.

"ಹೂಂ ಕಣೇ. ಕಾಲುಕೋಳ ತಾನೆ. ಕೂತು ಎದ್ದು ಬರ್ತೀನಿ."

ಮೇಯರರು ಹಿರಿಯರ ಕಡೆ ಬಾಗಿದರು, ಹಿರಿಯರು ಮೇಯರರ ಕಡೆ ಬಾಗಿದರು. ಕಾಲುಕೋಳವಿರಲಿಲ್ಲ. ಪುರಭವನದ ಹಿಂಬಾಗಿಲು ಮುರಿದಾಗ ಅದರ ಹಲಗೆಗಳನ್ನೇ ತೇಪೆಗೆ ಬಳಸಿ ಬಹಳ ಕಾಲವಾಗಿತ್ತು. ಕರ್ನೋ ಅದನ್ನು ಮರೆತಿದ್ದ. ಸೆರೆಮನೆಯಲ್ಲಿ ಬಾರ್ಲಿ, ಅದನ್ನು ತೆಗೆದರೆ ಹೊರಗೆ ತೇವ. ಹೀಗಾಗಿ ಯುದ್ಧ ಶುರುವಾದಂದಿನಿಂದ ಕೋಳಿ ಕದ್ದವನಿಗೂ ಬೇಲಿ ಮುರಿದವನಿಗೂ ನಮ್ಮ ಪೀಠ ಒಂದೇ ಶಿಕ್ಷೆ ಕೊಡುತ್ತ ಬಂದಿತ್ತು. ಅದನ್ನು ಉಚ್ಚರಿಸಲು ಮೇಯರರಿಗೆ ಯೋಚನೆಯ ಅಗತ್ಯವೇ ಇರಲಿಲ್ಲ, ಊಟಕ್ಕೆ ಮುಂಚಿನ ಪ್ರಾರ್ಥನೆಯಷ್ಟು ಸಲೀಸಾಗಿ ಬಾಯಿಗೆ ಬಂತು: ಅಪರಾಧಿಯನ್ನು ರಾಜರ ಹಡಗಿನಲ್ಲಿ ಸೇವೆಗೆ ಒಪ್ಪಿಸತಕ್ಕದ್ದು.

ಹೆಬ್ಬಾತು ಹಿಕ್ಸನನ್ನು ಬಿಟ್ಟಿತು.

"ನಿನ್ನೆ ಅಲ್ಲಿಂದಾನೇ ತಾನೇ ಇಳಿಸಿದ್ದು ಇವನನ್ನ?" ಎಂದಳು ಲವ್ಡೇ. "ಗದೆ ತಗೊಂಡು, ಸನ್ನದು ತಗೊಂಡು, ಕೆಸರಲ್ಲಿ ಬಿದ್ದೆದ್ದು?"

"ನಿನಗೆ ತಿಳಿಯಲ್ಲಮ್ಮಾ," ಎಂದರು ಮೇಯರರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ, ಒಂದು ಬಗೆಯ ಕಾರುಣ್ಯವೇ ಇತ್ತು. "ನಿನ್ನೆ ಅವರು ಕಿತ್ಕೊಂಡು ಹೋಗಿದ್ರು. ಇವತ್ತು ನಾವು ಕೊಡ್ತಾ ಇದ್ದೀವಿ. ಪಟ್ಟಣದ ಆಳನ್ನ ಪಟ್ಟಣ ಕೊಡಬೇಕೇ ಹೊರತು ಯಾರೂ ಕಿತ್ಕೊಳ್ಳೋ ಹಾಗಿಲ್ಲ. ಇದಕ್ಕೇ ಸ್ವಾತಂತ್ರ್ಯ ಅನ್ನೋದು."

"ಅದು ನಿಮಗೇ ಇರ್ಲಿ ಮಹಾಸ್ವಾಮಿ," ಎಂದಳು ಲವ್ಡೇ. "ನನಗೆ ಅದೂ ಬೇಡ, ನಿಮ್ಮ ಕೆಸರೂ ಬೇಡ. ನನ್ನ ಗಂಡನ್ನ ಕೊಡಿ."

"ಮುಂದಿನ ಮೊಕದ್ದಮೆ," ಎಂದ ಕರ್ನೋ.

ಜಾಗೊ ಕಿಟ್ಟೋ ಆ ಮಧ್ಯಾಹ್ನದ ಉಬ್ಬರಕ್ಕೆ ಪ್ಲಿಮತ್ತಿಗೆ ಹೋದ.